ಸಹಾಯ ಬೇಕು: ಗ್ಲಾಕ್ 19 ಪಿಸ್ತೂಲಿನ ಟ್ರಿಗರ್ ಸ್ವಲ್ಪ ಹಗುರ ಮಾಡಬೇಕು

ನಮಸ್ಕಾರ. ಟೆಕ್ಸಾಸ್‌ನಲ್ಲಿದ್ದೇನೆ. ನನ್ನ ಹತ್ತಿರ ಜೆನ್ 3 (ಮೂರನೇ ಪೀಳಿಗೆಯ) ಗ್ಲಾಕ್ 19 ಇದೆ. ಭಾನುವಾರ ಶೂಟಿಂಗ್ ರೇಂಜ್‌ಗೆ ಹೋಗಿ ಕಾಗದ ತೂತು ಮಾಡುವುದಕ್ಕಷ್ಟೇ ಬಳಸುತ್ತೇನೆ.

ಗೇಜ್ ಹಾಕಿ ಅಳೆದರೆ ಟ್ರಿಗರ್ ಎಳೆತ ಆರು ಪೌಂಡ್ ಹತ್ತಿರ ಬರುತ್ತದೆ. ಹದಿನೈದು ಗಜದಲ್ಲಿ ನನ್ನ ಗುಂಡುಗಳೆಲ್ಲ ಎಡಕ್ಕೆ, ಕೆಳಕ್ಕೆ. ಅರ್ಧ ತಪ್ಪು ನನ್ನ ಬೆರಳಿನದೇ, ಒಪ್ಪಿಕೊಳ್ಳುತ್ತೇನೆ!

ಹೋದ ತಿಂಗಳು ಆನ್‌ಲೈನ್‌ನಲ್ಲಿ ಅಗ್ಗದ ಸ್ಪ್ರಿಂಗ್ ಕಿಟ್ ತರಿಸಿ, ಹಗುರವಾದ ಸ್ಟ್ರೈಕರ್ ಸ್ಪ್ರಿಂಗ್ (ಗುಂಡಿಗೆ ಬಡಿಯುವ ಪಿನ್ನನ್ನು ಮುಂದಕ್ಕೆ ತಳ್ಳುವ ಸ್ಪ್ರಿಂಗ್) ಹಾಕಿದೆ. ಎಳೆತ ಬೆಣ್ಣೆಯಂತಾಯಿತು. ಆದರೆ ಐವತ್ತರಲ್ಲಿ ನಾಲ್ಕು ಗುಂಡು ಹಾರಲೇ ಇಲ್ಲ. ಎತ್ತಿ ನೋಡಿದರೆ ಪ್ರೈಮರ್ (ಪಿನ್ ಬಡಿದಾಗ ಕಿಡಿ ಹೊತ್ತಿಸುವ, ಗುಂಡಿನ ಹಿಂಬದಿಯ ಭಾಗ) ಮೇಲೆ ಸುಮ್ನೆ ಉಗುರು ಒತ್ತಿದಷ್ಟು ಗುರುತು. ಹಳೇ ಸ್ಪ್ರಿಂಗ್ ವಾಪಸ್ ಹಾಕಿದ ಮೇಲೆ ಸರಿಹೋಯಿತು.

ಈಗ ಸ್ಪ್ರಿಂಗ್ ಮುಟ್ಟದೆ ಕನೆಕ್ಟರ್ (ಎಳೆತ ಎಷ್ಟು ಭಾರವೆಂದು ನಿರ್ಧರಿಸುವ ಸಣ್ಣ ಲೋಹದ ಭಾಗ) ಒಂದನ್ನೇ ಬದಲಾಯಿಸೋಣ ಅಂತಿದ್ದೇನೆ. 4.5 ಪೌಂಡಿನದು ಹಾಕಿದವರು ಯಾರಾದರೂ ಇದ್ದೀರಾ? ಬೆರಳಿಗೆ ವ್ಯತ್ಯಾಸ ಗೊತ್ತಾಗುತ್ತದಾ? ಕನೆಕ್ಟರ್ ಮೈಯನ್ನು ಪಾಲಿಶ್ ಮಾಡಿದರೆ ಸಾಕು ಅಂತಲೂ ಕೆಲವರು ಹೇಳುತ್ತಾರೆ. ಉಜ್ಜುತ್ತಾ ಹೋಗಿ ಕೋನ ಕೆಟ್ಟರೆ ಕಷ್ಟ ಅಲ್ವಾ?

ಡ್ರಾಪ್ ಸೇಫ್ಟಿ (ಪಿಸ್ತೂಲು ಕೆಳಗೆ ಬಿದ್ದರೂ ಗುಂಡು ಹಾರದಂತೆ ತಡೆಯುವುದು), ಫೈರಿಂಗ್ ಪಿನ್ ಸೇಫ್ಟಿ (ಟ್ರಿಗರ್ ಎಳೆಯದೆ ಪಿನ್ ಮುಂದೆ ಹೋಗದಂತೆ ತಡೆಯುವುದು) ಎರಡೂ ಇದ್ದ ಹಾಗೇ ಇರಬೇಕು. ಅದರಲ್ಲಿ ರಾಜಿ ಇಲ್ಲ. ಜೋಡಿಸಿದ ಮೇಲೆ ನೀವು ಏನೇನು ಪರೀಕ್ಷೆ ಮಾಡುತ್ತೀರಿ, ಅದನ್ನೂ ಸ್ವಲ್ಪ ತಿಳಿಸಿ.