ನಲವತ್ತು ಕೊಡ ಸುರಿದು ಒಂದು ಕೊಡ ಎತ್ತುವ ಚಕ್ರ

ಕೋಲಾರದ ಕಡೆ ಸಾವಿರದೈನೂರು ಅಡಿ ಕೊರೆದರೂ ಬರೀ ಧೂಳೇ ಬರುತ್ತೆ ಅಂತ ಬೋರ್‌ವೆಲ್ ಮೆಕ್ಯಾನಿಕ್ ರಾಜಣ್ಣ ಗೊಣಗಿದ. ಅಷ್ಟೇ ಆಳದಿಂದ ಕರೆಂಟೂ ಇಲ್ಲದೆ, ಡೀಸೆಲ್ಲೂ ಇಲ್ಲದೆ ನೀರೆತ್ತಿದವರು ಇದ್ದರು ಅಂತ ಮೇಷ್ಟ್ರು ಬಾಯಿ ಹಾಕಿದರು. ಅಲ್ಲಿಂದ ಶುರು.

ಕಿಟ್ಟಿ: ಹಗ್ಗ ಬಿಟ್ಟು ಸೇದಿದರಾ ಮೇಷ್ಟ್ರೇ? ಮೊದಲ ಕೊಡ ಮೇಲೆ ಬರೋಷ್ಟರಲ್ಲಿ ಮನೆಯವರೆಲ್ಲ ಮಲಗಿರ್ತಾರೆ.

ಮೇಷ್ಟ್ರು: ಚಕ್ರ ಕಣಯ್ಯ, ನೀರಿನ ಚಕ್ರ. ಇಂಗ್ಲೆಂಡು, ಐರ್ಲೆಂಡು ಎರಡರ ನಡುವಿನ ಸಮುದ್ರದಲ್ಲಿ ಐಲ್ ಆಫ್ ಮ್ಯಾನ್ ಅಂತ ದ್ವೀಪ ಇದೆ. ಅಲ್ಲಿನ ಲ್ಯಾಕ್ಸಿ ಊರಲ್ಲಿ ಸೀಸ, ಸತು, ತಾಮ್ರ, ಬೆಳ್ಳಿಯ ಗಣಿ. ಗಣಿ ಅಂದಮೇಲೆ ಕೆಳಗೆ ನೀರು ಜಿನುಗುತ್ತಲೇ ಇರುತ್ತೆ. ಅದನ್ನು ಎತ್ತೋಕೆ ಅಂತಲೇ 1854ರಲ್ಲಿ ಈ ಚಕ್ರ ನಿಲ್ಲಿಸಿದರು. ವ್ಯಾಸ 72 ಅಡಿ 6 ಇಂಚು, ಅಂದರೆ 22 ಮೀಟರ್. ಅಗಲ ಮಾತ್ರ ಆರೇ ಅಡಿ.

ಸುಧಾ: ಏಳು ಮಹಡಿ ಮನೆಯಷ್ಟು ಎತ್ತರ! ಕಟ್ಟಿದವರು ಯಾರು?

ಮೇಷ್ಟ್ರು: ವಿನ್ಯಾಸ ರಾಬರ್ಟ್ ಕೇಸ್‌ಮೆಂಟ್ ಅವರದು, ಅದೇ ದ್ವೀಪದ ಎಂಜಿನಿಯರ್. ಆಗಿನ ಲೆಫ್ಟಿನೆಂಟ್ ಗವರ್ನರ್ ಚಾರ್ಲ್ಸ್ ಹೋಪ್ ಅವರ ಹೆಂಡತಿಯ ಹೆಸರಿಟ್ಟರು, ಲೇಡಿ ಇಸಬೆಲ್ಲಾ ಅಂತ.

ಕಿಟ್ಟಿ: ಬಾಸ್ ಹೆಂಡತಿ ಹೆಸರಿಡೋ ಪದ್ಧತಿ ನಮ್ಮಲ್ಲಿ ಮಾತ್ರ ಇದೆ ಅಂದ್ಕೊಂಡಿದ್ದೆ. ಸರಿ, ನೀರೆತ್ತೋಕೆ ಚಕ್ರ ತಿರುಗಬೇಕು, ಚಕ್ರ ತಿರುಗೋಕೆ ನೀರು ಬೇಕು. ಮೊದಲು ಯಾವುದು?

ಮೇಷ್ಟ್ರು: ಅದು ಬೇರೆ ನೀರು. ಗುಡ್ಡದ ಮೇಲಿನ ಊಟೆ, ತೊರೆಗಳ ನೀರನ್ನೆಲ್ಲ ತಂದು, ಚಕ್ರದ ನೆತ್ತಿಗಿಂತ ಎತ್ತರದಲ್ಲಿರೋ ಒಂದು ತೊಟ್ಟಿಯಲ್ಲಿ ಕೂಡಿಸಿದರು. ಅಲ್ಲಿಂದ ಮುಚ್ಚಿದ ಪೈಪಿನಲ್ಲಿ ಕೆಳಗಿಳಿಸಿ, ಚಕ್ರದ ಪಕ್ಕದ ಕಲ್ಲಿನ ಗೋಪುರದೊಳಗೆ ಮೇಲಕ್ಕೇರಿಸಿದರು.

ಕಿಟ್ಟಿ: ಪಂಪಿಲ್ಲದೆ ನೀರು ಮೇಲಕ್ಕೇರ್ತಾ?

ರಾಜಣ್ಣ: ಓವರ್‌ಹೆಡ್ ಟ್ಯಾಂಕಿಂದ ಇಳಿದ ಪೈಪು ನಿನ್ನ ಮನೆ ಷವರ್‌ಗೆ ಹೇಗೆ ಹತ್ತುತ್ತೆ ಹೇಳು. ತೊಟ್ಟಿಯ ಮಟ್ಟ ಮೀರಿ ಹೋಗಲ್ಲ, ಅಷ್ಟೇ. ನೀರು ಚಕ್ರದ ಯಾವ ಕಡೆ ಬೀಳುತ್ತೆ ಮೇಷ್ಟ್ರೇ?

ಮೇಷ್ಟ್ರು: ಅಲ್ಲೇ ಇರೋದು ಜಾಣತನ. ನೆತ್ತಿ ದಾಟಿಸಿ ಆ ಕಡೆಗೆ ಸುರಿಯೋದು ಸಾಮಾನ್ಯ ರೀತಿ. ಇಲ್ಲಿ ನೆತ್ತಿಗಿಂತ ಸ್ವಲ್ಪ ಈಚೆಗೇ, ಬಂದ ಕಡೆಗೇ ಹಿಂತಿರುಗಿಸಿ ಬಿಡ್ತಾರೆ. ಅದಕ್ಕೇ ಚಕ್ರ ತಿರುಗಾಮುರುಗಾ ಸುತ್ತುತ್ತೆ. ಕೆಳಗಡೆ ಚಕ್ರ ಸರಿಯೋ ದಿಕ್ಕೂ ಹೊರಗೆ ಹೋಗೋ ನೀರಿನ ದಿಕ್ಕೂ ಒಂದೇ ಆಗುತ್ತೆ. ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಂತರೂ ಚಕ್ರಕ್ಕೆ ಎದುರು ತಳ್ಳಲ್ಲ, ಜೊತೆಗೇ ಹೋಗುತ್ತೆ.

ಸುಧಾ: ಬಕೆಟ್ ಎಷ್ಟು? ಲೆಕ್ಕ ಹಾಕ್ತೀನಿ, ಹೇಳಿ.

ಮೇಷ್ಟ್ರು: ಅಂಚಿನ ಸುತ್ತ ಮರದ ಹಲಗೆಯಲ್ಲಿ ಮಾಡಿದ 168 ಬಕೆಟ್. ಒಂದೊಂದಕ್ಕೆ 24 ಗ್ಯಾಲನ್ ಹಿಡಿಯುತ್ತೆ. ಮಿನಿಟಿಗೆ ಎರಡೂವರೆಯಿಂದ ಮೂರು ಸುತ್ತು.

ಸುಧಾ: ಬ್ರಿಟಿಷ್ ಗ್ಯಾಲನ್ ಅಂದ್ರೆ ನಾಲ್ಕೂವರೆ ಲೀಟರ್, ಹಾಗಾದ್ರೆ ಬಕೆಟ್ಟಿಗೆ 109 ಲೀಟರ್. ಎರಡೂವರೆ ಸುತ್ತಿಗೆ ಮಿನಿಟಿಗೆ 420 ಬಕೆಟ್. ಎಲ್ಲ ಭರ್ತಿಯಾದರೆ ಸೆಕೆಂಡಿಗೆ 760 ಲೀಟರ್ ಚಿಲ್ಲರೆ. ಗಣಿಯಿಂದ ಬರೋದೆಷ್ಟು?

ಮೇಷ್ಟ್ರು: ಮಿನಿಟಿಗೆ 250 ಗ್ಯಾಲನ್, 1500 ಅಡಿ ಆಳದಿಂದ.

ಸುಧಾ: ಸೆಕೆಂಡಿಗೆ 19 ಲೀಟರ್. ಅಯ್ಯೋ, ನಲವತ್ತು ಕೊಡ ಸುರಿದು ಒಂದು ಕೊಡ ಎತ್ತಿದ ಹಾಗಾಯ್ತು!

ಕಿಟ್ಟಿ: ಇದಕ್ಕಿಂತ ನಮ್ಮ ಚೀಟಿ ವ್ಯವಹಾರವೇ ವಾಸಿ.

ರಾಜಣ್ಣ: ಏಯ್, ಸುಮ್ನಿರು. ಆ ನಲವತ್ತು ಕೊಡ ಇಳಿಯೋದು 22 ಮೀಟರ್. ಈ ಒಂದು ಕೊಡ ಹತ್ತೋದು 457 ಮೀಟರ್. ಇಪ್ಪತ್ತೊಂದರಷ್ಟು ಎತ್ತರ. ಏನೂ ಪೋಲಾಗದಿದ್ದರೂ ಇಪ್ಪತ್ತೊಂದು ಕೊಡ ಬೇಕೇ ಬೇಕು. ಬಕೆಟ್ ಅರ್ಧ ದಾರೀಲೇ ಚೆಲ್ಲೋದು, ಬೇರಿಂಗು, ಚಕ್ರದಿಂದ ಪಂಪಿಗೆ ಎಳೆತ ಒಯ್ಯೋ ದಂಡದ ಉಜ್ಜಾಟ, ವಾಲ್ವ್ ಸೋರೋದು, ಎಲ್ಲ ಸೇರಿ ಇನ್ನೊಂದರ್ಧ ತಿಂದಿದೆ. ಮರದ ಚಕ್ರಕ್ಕೆ ಇದು ಏನೇನೂ ಕಮ್ಮಿಯಲ್ಲ. ನೀರೆತ್ತೋ ಕೆಲಸ ಒಂದಕ್ಕೇ 114 ಹೆಚ್.ಪಿ. ಆಗುತ್ತೆ.

ಕಿಟ್ಟಿ: ಸ್ಟೀಮ್ ಎಂಜಿನ್ ಇತ್ತಲ್ಲ ಆಗ್ಲೇ? ಅದನ್ನೇ ಕೂರಿಸಬಹುದಿತ್ತು.

ಮೇಷ್ಟ್ರು: ದ್ವೀಪದಲ್ಲಿ ಕಲ್ಲಿದ್ದಲಿಲ್ಲ. ಹಡಗಿನಲ್ಲಿ ತರಿಸಬೇಕು, ಪ್ರತಿ ಟನ್ನಿಗೂ ದುಡ್ಡು ಸುರೀಬೇಕು. ಗುಡ್ಡದ ನೀರಿಗೆ ಬಿಲ್ಲಿಲ್ಲ. ಪುಕ್ಕಟೆ ಬರೋದನ್ನು ನಲವತ್ತಲ್ಲ, ಎಂಬತ್ತು ಕೊಡ ಸುರಿದರೂ ಯಾರಿಗೆ ನಷ್ಟ?

ಕಿಟ್ಟಿ: ಒಪ್ಪಿದೆ. ಆದ್ರೆ ಪಂಪನ್ನು ಮೇಲೇ ಇಟ್ಟು ಹೀರಿಕೊಂಡಿದ್ದರೆ ಇಷ್ಟೆಲ್ಲ ತಾಪತ್ರಯ ಇರ್ತಿರಲಿಲ್ಲ.

ರಾಜಣ್ಣ: ಈ ಮಾತು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಹೀರೋದು ಅಂದ್ರೆ ಗಾಳಿಯ ಒತ್ತಡ ನೀರನ್ನು ತಳ್ಳೋದು. ಲೆಕ್ಕದಲ್ಲಿ ಹತ್ತು ಮೀಟರ್ ಚಿಲ್ಲರೆ, ಕೆಲಸದಲ್ಲಿ ಏಳು ಸಿಕ್ಕರೆ ಪುಣ್ಯ. ಪಂಪು ಕೆಳಗೇ ಇರಬೇಕು. ಕೆಳಗಿನ ಪಂಪನ್ನು ಆಡಿಸೋಕೆ ಮೇಲಿಂದ ದಂಡ ಇಳೀಬೇಕು.

ಮೇಷ್ಟ್ರು: ತಾಪತ್ರಯ ಅಷ್ಟಕ್ಕೇ ಮುಗೀಲಿಲ್ಲ. ಚಕ್ರ ಒಂದು ಕಡೆ, ಗಣಿಬಾವಿ ನೂರಾರು ಅಡಿ ದೂರ. ಚಕ್ರದ ಅಚ್ಚಿನ ತುದಿಗೆ ನಾಲ್ಕಡಿ ಕ್ರ್ಯಾಂಕ್, ಅಂದರೆ ಅಚ್ಚಿನ ಜೊತೆ ಸುತ್ತೋ ತೋಳು. ಸುತ್ತಿಗೊಮ್ಮೆ ದಂಡ ಎಂಟಡಿ ಹೋಗಿ ಎಂಟಡಿ ಬರುತ್ತೆ. ಕಮಾನುಗಳ ಸಾಲಿನ ಮೇಲೆ, ಕೆಳಗೆ ಗಾಲಿ ಕಟ್ಟಿಸಿಕೊಂಡು ಅದು ಬಾವಿಯವರೆಗೆ ಓಡಾಡುತ್ತೆ. ಅಲ್ಲಿ ಟಿ ಆಕಾರದ ತೂಗುತೊಲೆ. ಅಡ್ಡ ಎಳೆತವನ್ನು ಅದು ಉದ್ದಕ್ಕೆ ತಿರುಗಿಸುತ್ತೆ. ಎಂಟಡಿ ಅಡ್ಡ ಹೋದರೆ ಬಾವಿಯಲ್ಲಿ ಎಂಟಡಿ ಮೇಲೆ.

ಸುಧಾ: ಅಷ್ಟುದ್ದದ ದಂಡ ತಳ್ಳಿದರೆ ಬಾಗಿಹೋಗಲ್ವಾ?

ರಾಜಣ್ಣ: ತಳ್ಳಿದರೆ ತಾನೇ? ಇಂಥ ಕಡೆ ಭಾರದ ಕೆಲಸವೆಲ್ಲ ಎಳೆತದಲ್ಲೇ ಆಗೋ ಹಾಗೆ ಜೋಡಿಸಬೇಕು. ಎಳೆದಾಗ ದಂಡ ನೆಟ್ಟಗೆ ನಿಲ್ಲುತ್ತೆ. ವಾಪಸ್ ಬರೋಕೆ ಬಾವಿಯೊಳಗಿನ ದಂಡದ ತೂಕವೇ ಸಾಕು. ಸಾಕು ಅನ್ನೋದಕ್ಕಿಂತ ಜಾಸ್ತಿಯೇ ಆಯ್ತು ಅನ್ನು. ಅದಕ್ಕೇ ಎದುರುತೂಕ ಕೂರಿಸೋದು. ಇಲ್ಲದಿದ್ದರೆ ಅರ್ಧ ಸುತ್ತು ಏದುಸಿರು, ಇನ್ನರ್ಧ ಸುತ್ತು ಧಡಾರ್ ಅಂತ ಓಟ. ಹಾಗೆ ಜಗ್ಗಿ ಜಗ್ಗಿ ಮೊದಲು ಸಡಿಲವಾಗೋದು ಕೀಲುಗಳ ಬೋಲ್ಟು.

ಕಿಟ್ಟಿ: ದಂಡ ಕಿತ್ತುಹೋದರೆ?

ರಾಜಣ್ಣ: ಹಾಗೆ ಕೇಳು! ಹೊರೆ ಹೋಯ್ತು, ಚಕ್ರ ಹಗುರಾಯ್ತು, ವೇಗ ಹಿಡೀತು. ತಕ್ಷಣ ನೀರು ಮುಚ್ಚಿದರೂ ನಿಲ್ಲಲ್ಲ, ಒಂದು ಕಡೆಯ ಬಕೆಟ್ಟೆಲ್ಲ ಆಗಲೇ ತುಂಬಿರುತ್ತಲ್ಲ. ಅವು ಕೆಳಗಿಳಿದು ಖಾಲಿಯಾಗೋವರೆಗೆ ದೂರ ನಿಂತು ದೇವರನ್ನು ನೆನೆಯೋದೇ ಕೆಲಸ.

ಮೇಷ್ಟ್ರು: ಚಕ್ರದ ಬಹುಪಾಲು ಮರ, ಅದರದ್ದೇ ಒಂದು ಕಾಯಿಲೆ. ಅಚ್ಚಿನಂಥ ಮುಖ್ಯ ಭಾಗ ಮಾತ್ರ ಕಬ್ಬಿಣ. ಮರ ಒದ್ದೆಯಾಗಿದ್ದರೆ ಉಬ್ಬಿ ಸಂದು ಮುಚ್ಚಿಕೊಳ್ಳುತ್ತೆ. ಬಹಳ ದಿನ ನಿಲ್ಲಿಸಿದರೆ ಬಿಸಿಲಿಗೆ ಬಿದ್ದ ಭಾಗ ಒಣಗಿ ಬಿರುಕು ಬಿಡುತ್ತೆ, ಬುಡದ ಭಾಗ ಒದ್ದೆಯಾಗೇ ಇದ್ದು ಕೊಳೆಯುತ್ತೆ, ತೂಕವೂ ಒಂದೇ ಕಡೆಗೆ ವಾಲುತ್ತೆ. ಚಳಿಗಾಲದಲ್ಲಿ ಬಕೆಟ್ಟಿನಲ್ಲಿ ಮಂಜುಗಡ್ಡೆ ಕಟ್ಟಿದರೂ ಅದೇ ಪಾಡು.

ಸುಧಾ: ಮಳೆ ಕೈಕೊಟ್ಟರೆ?

ಮೇಷ್ಟ್ರು: ಚಕ್ರ ನಿಧಾನ. ಗಣಿಯೊಳಗಿನ ನೀರಿಗೆ ಮಾತ್ರ ಬರಗಾಲ ಅಷ್ಟು ಬೇಗ ಮುಟ್ಟಲ್ಲ, ಅದು ಏರುತ್ತಾ ಬರುತ್ತೆ. ನೀರಿನ ಚಕ್ರ ನಂಬಿದ ಗಣಿಗಳಿಗೆಲ್ಲ ಇದೇ ತಲೆನೋವು.

ರಾಜಣ್ಣ: ನನ್ನ ಕೇಳಿದರೆ ದೊಡ್ಡ ತಲೆನೋವು ಚಕ್ರವಲ್ಲ, ಬಾವಿಯ ತಳದ ಪಂಪು. ಗಣಿನೀರು ಅಂದ್ರೆ ಕಲ್ಲುಪುಡಿ. ವಾಲ್ವಿನ ಕೆಳಗೆ ಒಂದು ಚೂರು ಸಿಕ್ಕಿಕೊಂಡರೆ ಮೇಲೆತ್ತಿದ ನೀರು ವಾಪಸ್ ಕೆಳಕ್ಕೆ. ಮೇಲೆ ಚಕ್ರ ಗತ್ತಿನಿಂದ ಸುತ್ತುತ್ತಿರುತ್ತೆ, ಕೆಳಗೆ ನೀರು ಏರುತ್ತಿರುತ್ತೆ. 1500 ಅಡಿ ನೀರನ್ನು ಒಂದೇ ಪಂಪು ಹೊರಬೇಕಾದರೆ ತಳದಲ್ಲಿ ಚದರ ಸೆಂಟಿಮೀಟರಿಗೆ 45 ಕೆ.ಜಿ. ಒತ್ತಡ. ಆ ಕಾಲದ ಚರ್ಮದ ವಾಷರ್ ತಡೆಯುತ್ತಾ? ಆಳದ ಗಣಿಗಳಲ್ಲಿ ಅದಕ್ಕೇ ಹಂತ ಹಂತವಾಗಿ ಎತ್ತುತ್ತಿದ್ದರು. ಒಂದು ಪಂಪು ಮೇಲಿನ ತೊಟ್ಟಿಗೆ ಹಾಕೋದು, ಅಲ್ಲಿಂದ ಇನ್ನೊಂದು ಎತ್ತೋದು, ಎಲ್ಲವೂ ಒಂದೇ ದಂಡಕ್ಕೆ ಕಟ್ಟಿರೋದು.

ಕಿಟ್ಟಿ: ನಮ್ಮ ಕೆ.ಜಿ.ಎಫ್.ನಲ್ಲಿ ಇಂಥದ್ದು ಯಾಕೆ ಹಾಕಲಿಲ್ಲ?

ಮೇಷ್ಟ್ರು: ಕೋಲಾರದಲ್ಲಿ ತೊರೆ ಎಲ್ಲಿಂದ ತರ್ತೀಯ? ಆದರೂ ಹಾಕಿದರು ಅಂತಲೇ ಇಟ್ಕೋ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ಬೀಳೋ ಜಾಗದಲ್ಲಿ ಕರೆಂಟು ತೆಗೆದು, ಸುಮಾರು 147 ಕಿಲೋಮೀಟರ್ ದೂರದ ಗಣಿಗೆ ಕಳಿಸಿದರು. ಬೀಳೋ ನೀರು ಒಂದು ಕಡೆ, ಗಣಿ ಇನ್ನೊಂದು ಕಡೆ. ಲ್ಯಾಕ್ಸಿಯಲ್ಲಿ ನಡುವೆ ದಂಡ, ಇಲ್ಲಿ ನಡುವೆ ತಂತಿ.

ರಾಜಣ್ಣ: ತಂತಿಗೆ ಗ್ರೀಸ್ ಹಚ್ಚೋ ಕೆಲಸ ಇಲ್ಲ. ಅಲ್ಲೇ ಸೋತಿದ್ದು ದಂಡ.

ಸುಧಾ: ಲ್ಯಾಕ್ಸಿ ಗಣಿ ಈಗಲೂ ಇದೆಯಾ?

ಮೇಷ್ಟ್ರು: 1929ರಲ್ಲಿ ಮುಚ್ಚಿತು. ಚಕ್ರ ಉಳೀತು. 1965ರಲ್ಲಿ ಅಲ್ಲಿನ ಸರ್ಕಾರ ಕೊಂಡುಕೊಂಡಿತು. ಗೋಪುರದ 95 ಮೆಟ್ಟಿಲು ಹತ್ತಿ ನೆತ್ತಿಯಿಂದ ನೋಡಬಹುದು. ಈಗಲೂ ಸುತ್ತುತ್ತೆ, ನೀರು ಮಾತ್ರ ಎತ್ತಲ್ಲ.

ಕಿಟ್ಟಿ: 1854ರ ಚಕ್ರ ಇನ್ನೂ ಸುತ್ತುತ್ತೆ! ರಾಜಣ್ಣ, ನೀನು ಇಳಿಸೋ ಮೋಟರ್ ಎಷ್ಟು ವರ್ಷ ಬರುತ್ತೆ?

ರಾಜಣ್ಣ: ಗ್ಯಾರಂಟಿ ಒಂದು ವರ್ಷ. ವೈಂಡಿಂಗ್ ಸುಟ್ಟರೆ ಅದೂ ಇಲ್ಲ.