‘ನ್ಯುಮೋನಿಯಾಕ್ಕೆ ತಿರುಗಿತು’ ಅನ್ನುವುದು ಸರಿಯೇ?

ಎಲ್ಲರಿಗೂ ನಮಸ್ಕಾರ. ಫ್ಲೂ (ಇನ್‌ಫ್ಲುಯೆಂಜಾ) ಬಗ್ಗೆ ಸಾಮಾನ್ಯ ಓದುಗರಿಗಾಗಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಫ್ಲೂ ಬಂದವರಲ್ಲಿ ಕೆಲವರಿಗೆ ಅದರ ಬೆನ್ನಿಗೇ ಬ್ಯಾಕ್ಟೀರಿಯಾದಿಂದ ನ್ಯುಮೋನಿಯಾ ಬರುತ್ತದೆ. ವೈದ್ಯರು ಇದನ್ನು ‘ಸೆಕೆಂಡರಿ ಬ್ಯಾಕ್ಟೀರಿಯಲ್ ನ್ಯುಮೋನಿಯಾ’ ಅನ್ನುತ್ತಾರೆ. ಈ ‘ಸೆಕೆಂಡರಿ’ಗೆ ಕನ್ನಡದಲ್ಲಿ ಏನು ಬಳಸೋಣ?

‘ದ್ವಿತೀಯ ಬ್ಯಾಕ್ಟೀರಿಯಾ ನ್ಯುಮೋನಿಯಾ’ ಅಂತ ಬರೆದರೆ ‘ಎರಡನೇ ಬ್ಯಾಕ್ಟೀರಿಯಾ’ ಅಂತ ಓದಿಸಿಕೊಳ್ಳುತ್ತದೆ. ಮೊದಲನೆಯದು ಯಾವುದು ಅಂತ ಓದುಗ ಹುಡುಕುತ್ತಾನೆ. ಮೊದಲು ಬಂದದ್ದು ವೈರಸ್, ಬ್ಯಾಕ್ಟೀರಿಯಾ ಅಲ್ಲವೇ ಅಲ್ಲ. ಇನ್ನು ‘ದ್ವಿತೀಯ ಸೋಂಕು’ ಅಂದರೆ ಬೇರೆಯೇ ತೊಂದರೆ. ಕೋವಿಡ್ ಕಾಲದಲ್ಲಿ ‘ಪ್ರಾಥಮಿಕ ಸಂಪರ್ಕ, ದ್ವಿತೀಯ ಸಂಪರ್ಕ’ ಎಲ್ಲರ ಬಾಯಲ್ಲೂ ಓಡಾಡಿತು. ಹಾಗಾಗಿ ಒಬ್ಬರಿಂದ ಇನ್ನೊಬ್ಬರಿಗೆ ಹರಡಿದ್ದು ಅನ್ನುವ ಅರ್ಥ ಬಂದುಬಿಡುತ್ತದೆ. ‘ದ್ವಿತೀಯ ದರ್ಜೆ’ಯ ನೆರಳೂ ಇದೆ, ಏನೋ ಕಡಿಮೆ ಮುಖ್ಯವಾದದ್ದು ಅನ್ನುವ ಹಾಗೆ. ನನಗೆ ಇದೇ ಜಾಸ್ತಿ ಬೇಸರ ತರುವ ವಿಷಯ. ಮೊರೆನ್ಸ್, ಟಾಬೆನ್‌ಬರ್ಗರ್, ಫೌಚಿ ಎಂಬ ಅಮೆರಿಕದ ವಿಜ್ಞಾನಿಗಳು 1918ರ ಫ್ಲೂ ಮಹಾಪಿಡುಗಿನಲ್ಲಿ ಸತ್ತವರ ಶ್ವಾಸಕೋಶದ ಮಾದರಿಗಳನ್ನೂ ಹಳೆಯ ಶವಪರೀಕ್ಷೆ ವರದಿಗಳನ್ನೂ ನೋಡಿ 2008ರಲ್ಲಿ ಒಂದು ತೀರ್ಮಾನಕ್ಕೆ ಬಂದರು. ಹೆಚ್ಚಿನ ಸಾವುಗಳಿಗೆ ಕಾರಣ ಫ್ಲೂ ಮೇಲೆ ಬಂದ ಬ್ಯಾಕ್ಟೀರಿಯಾ ನ್ಯುಮೋನಿಯಾ ಅಂತ. ಅಷ್ಟು ಜನರನ್ನು ಕೊಂದದ್ದಕ್ಕೆ ಕಡಿಮೆ ದರ್ಜೆಯ ಹೆಸರು ಇಡುವುದು ಹೇಗೆ?

ಹಾಗಾದರೆ ಜನ ಏನನ್ನುತ್ತಾರೆ? ‘ಜ್ವರ ನ್ಯುಮೋನಿಯಾಕ್ಕೆ ತಿರುಗಿತು’ ಅನ್ನುತ್ತಾರೆ. ಬಹಳ ಸಹಜವಾದ ಮಾತು. ನಾನೂ ಇದನ್ನೇ ಇಟ್ಟುಕೊಳ್ಳೋಣ ಅಂದುಕೊಂಡಿದ್ದೆ. ಆದರೆ ಒಳಗೆ ನಡೆಯುವುದನ್ನು ನೋಡಿದರೆ ಇಲ್ಲಿ ಯಾವುದೂ ಯಾವುದಕ್ಕೂ ತಿರುಗಿರುವುದಿಲ್ಲ. ಉಸಿರುನಾಳದ ಒಳಪದರದಲ್ಲಿ ಕೂದಲಿಗಿಂತ ಸಣ್ಣ ಎಳೆಗಳಿರುತ್ತವೆ. ಕಫ, ಧೂಳು, ರೋಗಾಣುಗಳನ್ನು ಮೇಲಕ್ಕೆ ತಳ್ಳುವುದು ಅವುಗಳ ಕೆಲಸ. ಫ್ಲೂ ವೈರಸ್ ಆ ಪದರದ ಕೋಶಗಳನ್ನೇ ಹಾಳು ಮಾಡುತ್ತದೆ. ವೈರಸ್ಸಿನಲ್ಲಿರುವ ನ್ಯೂರಮಿನಿಡೇಸ್ ಎಂಬ ಕಿಣ್ವ ಕೋಶಗಳ ಮೇಲಿರುವ ಸಯಾಲಿಕ್ ಆಮ್ಲ ಎಂಬ ಸಕ್ಕರೆಯ ಬಗೆಯನ್ನು ಕತ್ತರಿಸುತ್ತದೆ. ಇದರಿಂದ ಬ್ಯಾಕ್ಟೀರಿಯಾಗಳಿಗೆ ಅಂಟಿಕೊಳ್ಳಲು ಜಾಗ ಸಿಗುತ್ತದೆ. ಶ್ವಾಸಕೋಶವನ್ನು ಕಾಯುವ ಕೋಶಗಳೂ ಕೆಲವು ದಿನ ಸೋತಿರುತ್ತವೆ. ಮೂಗು, ಗಂಟಲಿನಲ್ಲಿ ಅಲ್ಲಿಯವರೆಗೆ ಸುಮ್ನೆ ಇದ್ದ ನ್ಯುಮೋಕಾಕಸ್‌ನಂಥ, ಸ್ಟೆಫಿಲೊಕಾಕಸ್ ಆರಿಯಸ್‌ನಂಥ ಬ್ಯಾಕ್ಟೀರಿಯಾಗಳು ಎಷ್ಟೋ ಸಲ ಇದೇ ಹೊತ್ತಿನಲ್ಲಿ ಕೆಳಗಿಳಿಯುತ್ತವೆ. ಅಂದರೆ ದಾರಿ ಮಾಡಿಕೊಟ್ಟದ್ದು ಒಂದು, ಒಳಗೆ ಬಂದದ್ದು ಇನ್ನೊಂದು. ಫ್ಲೂ ವೈರಸ್ಸೇ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರುವುದೂ ಇದೆ. ‘ತಿರುಗಿತು’ ಅಲ್ಲಿ ಸರಿಯಾಗಿ ಹೊಂದುತ್ತದೆ.

‘ಮರುಕಳಿಸಿತು’ ಕೂಡ ಇದೇ ದಾರಿ ತಪ್ಪಿಸುತ್ತದೆ. ಕಾಯಿಲೆಯವರು ಸ್ವಲ್ಪ ಚೇತರಿಸಿಕೊಂಡಿರುತ್ತಾರೆ. ಆಮೇಲೆ ಮತ್ತೆ ಜ್ವರ ಏರುತ್ತದೆ. ಹಳದಿ ಅಥವಾ ಹಸಿರು ಕಫ, ಎದೆನೋವು, ಏದುಸಿರು ಕಾಣಿಸುತ್ತವೆ. ಜ್ವರ ಮರುಕಳಿಸಿದ್ದು ನಿಜವೇ, ಆದರೆ ಕಾಯಿಲೆ ಬೇರೆ. ಅದೇ ಫ್ಲೂ ಅಂದುಕೊಂಡವರು ಇನ್ನೆರಡು ದಿನ ನೋಡೋಣ ಅಂತ ಮನೆಯಲ್ಲೇ ಕಾಯುತ್ತಾರೆ. ಫ್ಲೂಗೆ ಆಂಟಿಬಯಾಟಿಕ್‌ನಿಂದ ಉಪಯೋಗವಿಲ್ಲ, ಆದರೆ ಇದಕ್ಕೆ ಅದು ಬೇಕೇ ಬೇಕು, ಅದೂ ಬೇಗ. ಆಂಟಿಬಯಾಟಿಕ್ ಇರುವ ಕಾಲದಲ್ಲೂ ಈ ಕಾಯಿಲೆ ಹೋಗಿಲ್ಲ. 2009ರ ಎಚ್1ಎನ್1 ಫ್ಲೂ ಪಿಡುಗಿನಲ್ಲಿ ಅಮೆರಿಕದಲ್ಲಿ ಸತ್ತ 77 ಜನರ ಶ್ವಾಸಕೋಶದ ಮಾದರಿ ಪರೀಕ್ಷಿಸಿದಾಗ 22 ಜನರಲ್ಲಿ ಬ್ಯಾಕ್ಟೀರಿಯಾ ಸೋಂಕು ಸಿಕ್ಕಿತ್ತು. ಆದ್ದರಿಂದ ‘ಇದು ಬೇರೆ ರೋಗಾಣು’ ಅನ್ನುವುದು ಪದದಲ್ಲೇ ಕಾಣಬೇಕು ಅನ್ನುವುದು ನನ್ನ ಹಟ.

‘ಮೇಲ್ಸೋಂಕು’ ಮೊದಲು ಇಷ್ಟವಾಯಿತು. ಆದರೆ ಚರ್ಮದ ಮೇಲಿನ ಸೋಂಕು, ಇಲ್ಲವೇ ಉಸಿರುನಾಳದ ಮೇಲ್ಭಾಗದ ಸೋಂಕು ಅಂತ ತಿಳಿಯುವ ಅಪಾಯವಿದೆ. ‘ಸಹಸೋಂಕು’ ಎರಡೂ ಒಟ್ಟಿಗೆ ಇರುವುದನ್ನು ಹೇಳುತ್ತದೆ, ಒಂದು ಇನ್ನೊಂದಕ್ಕೆ ಎಡೆ ಕೊಟ್ಟದ್ದನ್ನು ಹೇಳುವುದಿಲ್ಲ. ‘ಫ್ಲೂ ನಂತರದ’ ಅಂದರೆ ಕಾಲ ಮಾತ್ರ ತಿಳಿಯುತ್ತದೆ, ನಂಟು ತಿಳಿಯುವುದಿಲ್ಲ.

ಸದ್ಯಕ್ಕೆ ‘ಸೇರಿಕೊಳ್ಳು’ ಹಿಡಿದಿದ್ದೇನೆ. ‘ಫ್ಲೂ ಮೇಲೆ ಬ್ಯಾಕ್ಟೀರಿಯಾ ನ್ಯುಮೋನಿಯಾ ಸೇರಿಕೊಂಡಿತು’ ಅಂದರೆ ಬಂದದ್ದು ಹೊಸದು, ಹಳೆಯದರ ಮೇಲೆ ಬಂದದ್ದು, ಎರಡೂ ತಿಳಿಯುತ್ತವೆ ಅಲ್ವಾ? ವಾಕ್ಯದಲ್ಲಿ ಇದು ಚೆನ್ನಾಗಿ ಕೂರುತ್ತದೆ. ತಲೆಬರಹಕ್ಕೆ, ಪಟ್ಟಿಗೆ ಒಂದು ನಾಮಪದ ಬೇಕು. ‘ಸೇರುಸೋಂಕು’ ಅಂತ ಕಟ್ಟಿದರೆ ಕಿವಿಗೆ ಹೇಗಿದೆ?

ಇನ್ನೊಂದು ಚಿಕ್ಕ ಪ್ರಶ್ನೆ. ಈ ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾಗಳಲ್ಲಿ ಹೀಮೊಫಿಲಸ್ ಇನ್‌ಫ್ಲುಯೆಂಜೆ ಅನ್ನುವುದೂ ಒಂದು. 1892ರಲ್ಲಿ ರಿಚರ್ಡ್ ಫೈಫರ್ ಇದನ್ನೇ ಫ್ಲೂ ಕಾರಣ ಅಂದುಕೊಂಡ. ಮನುಷ್ಯರ ಫ್ಲೂ ವೈರಸ್ ಸಿಕ್ಕಿದ್ದು 1933ರಲ್ಲಿ. ಅಷ್ಟರಲ್ಲಿ ಹೆಸರು ಅಂಟಿಬಿಟ್ಟಿತ್ತು. ‘ಇನ್‌ಫ್ಲುಯೆಂಜಾ ಬ್ಯಾಕ್ಟೀರಿಯಾ’ ಅಂತ ಕನ್ನಡಕ್ಕೆ ತಂದರೆ ಗೊಂದಲ ಖಂಡಿತ. ಮಕ್ಕಳಿಗೆ ಹಾಕುವ ‘ಹಿಬ್’ ಲಸಿಕೆಯ ಹೆಸರು ಜನರಿಗೆ ಗೊತ್ತಿರುವುದರಿಂದ ‘ಹೀಮೊಫಿಲಸ್’ ಅಂತಷ್ಟೇ ಬರೆದು, ಹಿಬ್ ಇದರದೇ ಒಂದು ಬಗೆ ಅಂತ ಪಕ್ಕದಲ್ಲಿ ಹೇಳಿದರೆ ಸಾಕೇ? ಆರೋಗ್ಯದ ಬರಹಗಳನ್ನು ಕನ್ನಡದಲ್ಲಿ ಬರೆದು ರೂಢಿ ಇರುವವರು, ವೈದ್ಯರು, ದಾದಿಯರು ತಾವು ಕಾಯಿಲೆಯವರಿಗೆ ಇದನ್ನು ಯಾವ ಮಾತಿನಲ್ಲಿ ಹೇಳುತ್ತೀರಿ ಅಂತ ದಯವಿಟ್ಟು ತಿಳಿಸಿ.