ಸಹಾಯ ಬೇಕು: ಪಿಲ್ಲೋದಲ್ಲಿ ಕನ್ನಡ ಒತ್ತಕ್ಷರ ಒಡೆದುಹೋಗ್ತಿದೆ

ಅಣ್ಣಂದಿರೇ, ಅಕ್ಕಂದಿರೇ, ನಮಸ್ಕಾರ. ಹಾಸನದಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷ ಓದ್ತಿದೀನಿ. ಸಂಜೆ ಒಂದು ಡಿಸೈನ್ ಅಂಗಡಿಗೆ ಪೈಥಾನ್ ಸ್ಕ್ರಿಪ್ಟ್ ಬರೆದುಕೊಡ್ತೀನಿ, ರಾತ್ರಿ ಮೀಮ್ ಮಾಡ್ತೀನಿ. (ಮನೇಲಿ ಎರಡನ್ನೂ "ಮೊಬೈಲ್ ಒತ್ತೋದು" ಅಂತಲೇ ಕರೀತಾರೆ.)

ಹಾಸನಾಂಬೆ ದರ್ಶನದ ಕ್ಯೂ ಬಗ್ಗೆ ಒಂದು ಮೀಮ್ ಟೆಂಪ್ಲೇಟ್ ಮಾಡಿದ್ದೆ. ವಾಕ್ಯ ಕೊಟ್ಟರೆ ಸ್ಕ್ರಿಪ್ಟೇ ಪಿಲ್ಲೋ (ಪೈಥಾನ್‌ನಲ್ಲಿ ಚಿತ್ರ ತಿದ್ದೋ ಲೈಬ್ರರಿ) ಬಳಸಿ ಫೋಟೋ ಮೇಲೆ ಬರೆಯಬೇಕು. ಆದರೆ "ಚಿಕ್ಕಮಗಳೂರು" ಅಂತ ಕೊಟ್ಟರೆ "ಚಿಕ್‌ಕಮಗಳೂರು" ಅಂತ ಬರುತ್ತೆ, "ಅಕ್ಕ" ಹೋಗಿ "ಅಕ್‌ಕ" ಆಗುತ್ತೆ. ಮೀಮ್‌ಗಿಂತ ಅದನ್ನ ನೋಡೇ ಫ್ರೆಂಡ್ಸ್ ಜಾಸ್ತಿ ನಕ್ಕರು.

ಫಾಂಟ್ ನೋಟೋ ಸಾನ್ಸ್ ಕನ್ನಡ, ಅದರದ್ದೇನೂ ತಪ್ಪಿಲ್ಲ. ಬ್ರೌಸರ್‌ನಲ್ಲಿ ಸರಿಯಾಗೇ ಕಾಣುತ್ತೆ. ಪಿಲ್ಲೋದ ಬೇಸಿಕ್ ಲೇಔಟ್ ಅಕ್ಷರಗಳನ್ನ ಒಂದರ ಪಕ್ಕ ಒಂದು ಇಡುತ್ತೆ ಅಷ್ಟೇ, ಒತ್ತು ಕೂಡಿಸೋಕೆ ರಾಕ್ಮ್ ಲೈಬ್ರರಿ ಬೇಕು ಅನ್ನೋವರೆಗೂ ಗೊತ್ತಾಯ್ತು. ರಾಕ್ಮ್ ಇದೆಯಾ ಅಂತ ಚೆಕ್ ಮಾಡಿದರೆ ನನ್ನ ವಿಂಡೋಸ್ ಲ್ಯಾಪ್‌ಟಾಪಲ್ಲಿ "ಫಾಲ್ಸ್" ಬರ್ತಿದೆ. ಫ್ರಿಬಿಡಿ ಡಿಎಲ್‌ಎಲ್ (ರಾಕ್ಮ್‌ಗೆ ಬೇಕಾದ ಇನ್ನೊಂದು ಲೈಬ್ರರಿ ಫೈಲ್) ಹಾಕ್ಬೇಕಂತೆ. ಅದನ್ನ ಪೈಥಾನ್ ಫೋಲ್ಡರ್‌ನಲ್ಲೇ ಇಟ್ಟರೆ ಸಾಕಾ, ಪಾತ್‌ಗೂ (ವಿಂಡೋಸ್ ಫೈಲ್ ಹುಡುಕೋ ಫೋಲ್ಡರ್‌ಗಳ ಪಟ್ಟಿ) ಸೇರಿಸ್ಬೇಕಾ?

ಇನ್ನೊಂದು: ಅಂಗಡಿಯ ಹಳೇ ಫೈಲುಗಳೆಲ್ಲ ನುಡಿ ಸಾಫ್ಟ್‌ವೇರ್‌ನ ಆಸ್ಕಿಯಲ್ಲಿವೆ (ಯುನಿಕೋಡ್ ಅಲ್ಲದ ಹಳೇ ಪದ್ಧತಿ). ಅರ್ಕಾವತ್ತು ಕೆಡದ ಹಾಗೆ ಯುನಿಕೋಡ್‌ಗೆ ತರೋ ಕನ್ವರ್ಟರ್ ಯಾರಾದ್ರೂ ಬಳಸಿದ್ರೆ ಹೇಳಿ. ಶನಿವಾರದೊಳಗೆ ಕೊಡಬೇಕು.